ಕಲಿಕಾ ಫಲಗಳ ಸಂಶೋಧನೆ: ಕರ್ನಾಟಕದ ಅನುಭವ, ನ್ಯಾಮತಿ ಸೀಮೆಯ ನೆಲೆಯಿಂದ

ಶಾಲೆಗೆ ಹೋಗುವ ಮಗು ನಿಜವಾಗಿ ಏನು ಕಲಿತಿದೆ, ಆ ಕಲಿಕೆ ಏಕೆ ಬೆಳೆಯಿತು ಅಥವಾ ಎಲ್ಲಿ ನಿಂತುಹೋಯಿತು ಎಂಬುದನ್ನು ಅಳತೆ ಮತ್ತು ಅವಲೋಕನದಿಂದ ಕಂಡುಕೊಳ್ಳುವ ಅಧ್ಯಯನವೇ ಕಲಿಕಾ ಫಲಗಳ ಸಂಶೋಧನೆ. ದಾಖಲಾತಿ, ಹಾಜರಾತಿ, ಉತ್ತೀರ್ಣತೆ ಇವೆಲ್ಲ ಶಾಲೆಯ ಕಡತದಲ್ಲಿರುವ ಸಂಗತಿಗಳು. ಓದು, ಬರಹ, ಲೆಕ್ಕ, ಅರ್ಥಗ್ರಹಿಕೆ ಮತ್ತು ಬದುಕಿಗೆ ಬೇಕಾದ ಕೌಶಲಗಳು ಮಗುವಿನೊಳಗೆ ಇರುವಂಥವು. ಕಡತ ತುಂಬಿದ್ದರೂ ಮಗು ಬರಿಗೈಯಲ್ಲಿ ಉಳಿಯಬಹುದು ಎಂಬುದು ಮನವರಿಕೆಯಾದ ಮೇಲೆ ಈ ಸಂಶೋಧನೆಗೆ ಮಹತ್ವ ಬಂತು. ವಿಶ್ವಬ್ಯಾಂಕಿನ 2018ರ ವಿಶ್ವ ಅಭಿವೃದ್ಧಿ ವರದಿ ಇಡೀ ಪುಸ್ತಕವನ್ನು ಕಲಿಕೆಗೇ ಮೀಸಲಿಟ್ಟಿತು. ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು 46ರಲ್ಲಿ 17 ಕಳೆಯುವಂಥ ಲೆಕ್ಕ ಮಾಡಲಾರರು ಎಂದು ಅದರ ಆರಂಭದಲ್ಲೇ ದಾಖಲಾಗಿದೆ.

ಅಭಿವೃದ್ಧಿಶೀಲ ಜಗತ್ತಿನಲ್ಲಿ ಈ ಬಗೆಯ ಅಳತೆ, ಪ್ರಯೋಗ, ತಿದ್ದುಪಡಿಗಳು ದೀರ್ಘಕಾಲ ನಡೆದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಈ ಲೇಖನ ಆ ಚರಿತ್ರೆಯನ್ನು ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡುತ್ತದೆ. ರಾಜ್ಯದ ಸರಾಸರಿ ಎಷ್ಟೇ ನಿಖರವಾಗಿದ್ದರೂ ಬೆಳಗುತ್ತಿಯ ಅಥವಾ ಸವಳಂಗದ ಶಾಲೆಯ ಶಿಕ್ಷಕಿಗೆ ಅದು ನಾಳೆ ಬೆಳಿಗ್ಗೆ ಯಾವ ಮಗುವಿಗೆ ಏನು ಕಲಿಸಬೇಕೆಂದು ಹೇಳುವುದಿಲ್ಲ. ಅಳತೆಯ ಸಾರ್ಥಕತೆಯನ್ನು ತೀರ್ಮಾನಿಸಬೇಕಾದದ್ದು ಅಲ್ಲಿಂದ.

ಸೀಮೆ ಮತ್ತು ಅದರ ಅಂಕಿಸಂಖ್ಯೆ

ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಹಿಂದಿರುಗಿ, ಬಳಿಕ ವಿಜಯನಗರ ಜಿಲ್ಲೆಗೆ ಸೇರಿತು. ನ್ಯಾಮತಿ ಹೊನ್ನಾಳಿಯ ಭಾಗವಾಗಿತ್ತು. 2017ರ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. 2011ರ ಜನಗಣತಿಯ ಪ್ರಕಾರ ಆಗಿನ ದಾವಣಗೆರೆ ಜಿಲ್ಲೆಯ ಸಾಕ್ಷರತೆ ಶೇ 75.74. ಆ ಗಣತಿಯಲ್ಲಿ ನ್ಯಾಮತಿ ತಾಲ್ಲೂಕು ಎಂಬುದೇ ಇಲ್ಲ. ಗ್ರಾಮಗಳ ಪಟ್ಟಿಗೆ ಇಂದಿಗೂ ಅದೇ ಗಣತಿಯನ್ನು ನೆಚ್ಚಿಕೊಂಡಿರುವ ಸಮೀಕ್ಷೆಗಳಲ್ಲಿ ಈ ತಾಲ್ಲೂಕಿನ ಹಳ್ಳಿಗಳು ಹಳೆಯ ಹೊನ್ನಾಳಿಯ ಹಳ್ಳಿಗಳಾಗಿಯೇ ಎಣಿಕೆಗೆ ಬರುತ್ತವೆ.

ಒಂದೇ ಜಿಲ್ಲೆಯಾದರೂ ಇವು ಒಂದೇ ಬಗೆಯ ಊರುಗಳಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ, ಸೂಳೆಕೆರೆಯ ನೀರು. ಹೊನ್ನಾಳಿಯ ಬದಿಯಲ್ಲಿ ತುಂಗಭದ್ರೆ. ಜಗಳೂರಿನಲ್ಲಿ ಮಳೆ ನೆಚ್ಚಿದ ಬಯಲು ಬೇಸಾಯ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಪವಿತ್ರ. ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿನ ಎಷ್ಟೋ ಮಕ್ಕಳ ದಿನಚರಿ. ಉರ್ದು ಮಾತನಾಡುವ ಮನೆಗಳೂ ಇವೆ. ಇಷ್ಟೊಂದು ಭಿನ್ನತೆಯನ್ನು ಒಂದು ಜಿಲ್ಲಾ ಸರಾಸರಿಯೊಳಗೆ ಹಿಡಿದಿಟ್ಟರೆ ಸಿಗುವ ಚಿತ್ರ ಯಾವ ಊರಿನದೂ ಆಗಿರುವುದಿಲ್ಲ.

ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಚನ್ನಗಿರಿ ಅತ್ಯಂತ ಹಿಂದುಳಿದ ಗುಂಪಿನಲ್ಲೂ ಹೊನ್ನಾಳಿ, ಜಗಳೂರುಗಳು ಅದರ ಮೇಲಿನ ಗುಂಪಿನಲ್ಲೂ ಬಂದವು. ತಾಲ್ಲೂಕು ಮಟ್ಟದಲ್ಲಿ ಯೋಚಿಸಿದ್ದು ಈ ವರದಿಯ ದೊಡ್ಡತನ. ಆದರೆ ಅದು ಬಳಸಿದ 35 ಸೂಚಕಗಳಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದವು ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು, ಶಾಲೆಯಿಂದ ಹೊರಗುಳಿದವರು ಎಷ್ಟು, ಪದವಿ ಕಾಲೇಜಿನಲ್ಲಿ ಎಷ್ಟು ಮಂದಿ ಎಂಬಂಥವು. ಶಾಲೆಯೊಳಗಿರುವ ಮಗು ಓದಬಲ್ಲದೇ ಎಂಬ ಪ್ರಶ್ನೆಗೆ ಆ ಕೋಷ್ಟಕದಲ್ಲಿ ಜಾಗವಿರಲಿಲ್ಲ. ಆಗ ಅದನ್ನು ತಾಲ್ಲೂಕುವಾರು ಅಳೆದವರೇ ಇರಲಿಲ್ಲವಾದ್ದರಿಂದ ಸಮಿತಿಯನ್ನು ದೂರುವಂತಿಲ್ಲ.

ದಾಖಲಾತಿಯಿಂದ ಕಲಿಕೆಯ ಕಡೆಗೆ

1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಆರಂಭವಾದಾಗ ಮಕ್ಕಳ ಕಲಿಕಾ ಮಟ್ಟದ ಆಧಾರ ಸಮೀಕ್ಷೆಗಳೂ ಜೊತೆಗೆ ಬಂದವು. ಮರುವರ್ಷ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಮೊಳೆಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಕೂತು ಕಾರ್ಡುಗಳನ್ನು ಬರೆದರು. ಪಾಠಪುಸ್ತಕದ ಬದಲು ಕಲಿಕಾ ಏಣಿ, ಮೈಲಿಗಲ್ಲು, ಸಾಲು ಬೆಂಚಿನ ಬದಲು ತಟ್ಟೆಗಳು: ಶಿಕ್ಷಕರ ಪೂರ್ಣ ಸಹಾಯ ಬೇಕಾದವರ ಗುಂಪಿನಿಂದ ತಾನೇ ಕಲಿಯುವವರ ಗುಂಪಿನವರೆಗೆ ಮಗು ಸರಿಯುತ್ತಾ ಹೋಗುತ್ತದೆ. ಮೂರು ತರಗತಿಗಳಿಗೆ ಒಬ್ಬರೇ ಶಿಕ್ಷಕರಿರುವ ಹಳ್ಳಿಗೆ ಹೊಂದುವ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಮೇಲಿನಿಂದ ಇಳಿದ ಆದೇಶವಾಗಿ ಅದು ರಾಜ್ಯವ್ಯಾಪಿಯಾದಾಗ, ಹೆಗ್ಗಡದೇವನಕೋಟೆಯಲ್ಲಿದ್ದ ಶಿಕ್ಷಕರ ಒಡೆತನದ ಭಾವ ಎಲ್ಲ ಕಡೆಯೂ ಜೊತೆಗೆ ಬರಲಿಲ್ಲ. ನಲಿ-ಕಲಿಯ ಫಲಿತಾಂಶ ಶಾಲೆಯಿಂದ ಶಾಲೆಗೆ ಅಷ್ಟೊಂದು ಬೇರೆಯಾಗಿರಲು ಇದೊಂದು ಮುಖ್ಯ ಕಾರಣವೆಂದು ಈ ಲೇಖಕರ ಎಣಿಕೆ.

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2002ರಿಂದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮದಲ್ಲಿ ಶಾಲೆಗಳು ತಾವಾಗಿ ಮುಂದೆ ಬಂದು ಮೌಲ್ಯಮಾಪನಕ್ಕೆ ಒಡ್ಡಿಕೊಂಡವು. ದಾಖಲಾತಿ, ಹಾಜರಾತಿಗಳ ಜೊತೆಗೆ ಕಲಿಕೆಯನ್ನೂ ಅಳೆದು, ಮಾನದಂಡ ಮುಟ್ಟಿದ ಶಾಲೆಗಳನ್ನು ಗೌರವಿಸಲಾಯಿತು. ಆ ಅನುಭವದ ಮೇಲೆ 2005ರಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ನಿಂತಿತು. ಮುಂದೆ ರಾಜ್ಯ ಗಣತಿ ಮಾದರಿಯ ಸಾಧನಾ ಸಮೀಕ್ಷೆಯನ್ನೂ ನಡೆಸಿತು, ಅಂದರೆ ಕೆಲವೇ ಶಾಲೆಗಳ ಮಾದರಿಯನ್ನಲ್ಲ, ಎಲ್ಲ ಶಾಲೆಗಳನ್ನೂ ಒಳಗೊಳ್ಳುವ ಪರೀಕ್ಷೆ. ಈಗಿನ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ 2022ರಲ್ಲಿ ಬಂದದ್ದು.

ಮೂರು ಅಳತೆಗಳು, ಮೂರು ಚಿತ್ರಗಳು

2005ರಲ್ಲಿ ಪ್ರಥಮ್ ಸಂಸ್ಥೆ ಆರಂಭಿಸಿದ ಅಸರ್ ಸಮೀಕ್ಷೆ ಶಾಲೆಯ ಗೇಟು ದಾಟದೆ ಮನೆಯ ಜಗಲಿಗೆ ಬಂತು. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಸ್ವಯಂಸೇವಕರು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಪದ, ಒಂದನೇ ತರಗತಿಯ ವಾಕ್ಯಗಳು, ಎರಡನೇ ತರಗತಿಯ ಪುಟ್ಟ ಕಥೆ ಹೀಗೆ ಓದಿಸುತ್ತಾರೆ. ಗಣಿತದಲ್ಲಿ ಅಂಕಿ ಗುರುತಿಸುವುದು, ದಶಕ ಪಡೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಐದನೇ ತರಗತಿಯ ಮಗುವಿಗೂ ಎಂಟನೆಯದಕ್ಕೂ ಇದೇ ಹಾಳೆ. ಊರಿನ ಯಾರಾದರೂ ಬಂದು ನೋಡಿ ಅರ್ಥ ಮಾಡಿಕೊಳ್ಳಬಲ್ಲ ಸರಳತೆ ಇದರ ಶಕ್ತಿ. ಕೀನ್ಯಾ, ತಾಂಜಾನಿಯಾ, ಉಗಾಂಡಗಳ ಉವೇಜೊ ಸಮೀಕ್ಷೆ ಹುಟ್ಟಿದ್ದು ಇದನ್ನು ನೋಡಿಯೇ. ಮಿತಿಯೂ ಅದರ ರಚನೆಯಲ್ಲೇ ಇದೆ: ಜಿಲ್ಲೆಗೆ 30 ಹಳ್ಳಿಗಳೆಂದರೆ ನ್ಯಾಮತಿಯಂಥ ತಾಲ್ಲೂಕಿನ ಪಾಲಿಗೆ ಬೆರಳೆಣಿಕೆಯ ಊರುಗಳು ಬಂದಾವು, ಅದರಿಂದ ತಾಲ್ಲೂಕಿನ ಬಗ್ಗೆ ಏನನ್ನೂ ಹೇಳಲಾಗದು. ಕಬ್ಬು ಕಡಿಯಲೋ ಕಾಫಿ ತೋಟಕ್ಕೋ ಗುಳೆ ಹೋದ ಕುಟುಂಬದ ಮನೆಗೆ ಬೀಗವಿದ್ದರೆ, ಅತ್ಯಂತ ಹೆಚ್ಚು ಕಲಿಕೆ ಕಳೆದುಕೊಂಡಿರಬಹುದಾದ ಮಗುವೇ ಎಣಿಕೆಯಿಂದ ತಪ್ಪಿಹೋಗುತ್ತದೆ.

ಎರಡನೆಯದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ. 2017ರ ನವೆಂಬರ್ 13ರಂದೂ 2021ರ ನವೆಂಬರ್ 12ರಂದೂ ಶಾಲೆಗಳಲ್ಲೇ ನಡೆಯಿತು; 2024ರ ಡಿಸೆಂಬರ್ 4ರಂದು ಪರಖ್ ರಾಷ್ಟ್ರೀಯ ಸರ್ವೇಕ್ಷಣೆಯಾಗಿ ಮೂರು, ಆರು, ಒಂಬತ್ತನೇ ತರಗತಿಗಳಿಗೆ ನಡೆಯಿತು. ಡಗ್ ಜಾನ್ಸನ್ ಮತ್ತು ಆಂಡ್ರೆಸ್ ಪರಾಡೊ 2021ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಈ ಸಮೀಕ್ಷೆಯ ರಾಜ್ಯವಾರು ಸರಾಸರಿಗಳು ಸ್ವತಂತ್ರ ಮನೆ ಸಮೀಕ್ಷೆಗಳಿಗಿಂತ ಬಹಳ ಮೇಲಿವೆ, ಅಂಕಿಗಳು ಉಬ್ಬಿರುವ ಸಾಧ್ಯತೆಯಿದೆ ಎಂದು ಕಂಡುಬಂತು. ನೆರೆಯ ಆಂಧ್ರದಲ್ಲಿ ಅಭಿಜಿತ್ ಸಿಂಗ್ ಮಾಡಿದ ಪ್ರಯೋಗವೂ ಇದನ್ನೇ ಸೂಚಿಸಿತು: ಶಾಲೆಯವರೇ ನಡೆಸಿದ ಕಾಗದದ ಪರೀಕ್ಷೆಯಲ್ಲಿ ಅಂಕ ಉಬ್ಬುತ್ತದೆ, ಟ್ಯಾಬ್ಲೆಟ್ಟಿನಲ್ಲಿ ನಡೆಸಿದರೆ ಆ ಉಬ್ಬರ ಬಹುಮಟ್ಟಿಗೆ ಇಳಿಯುತ್ತದೆ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಎಸ್ಸೆಸ್ಸೆಲ್ಸಿ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತ್ತು. ಕೃಪಾಂಕದ ಮಿತಿಯನ್ನು ಹಿಗ್ಗಿಸಿಯೂ ಫಲಿತಾಂಶ ಅಷ್ಟಕ್ಕೇ ನಿಂತಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಹತ್ತು ಶೇಕಡಾ ಕುಸಿದಿರಲಾರದು. ಬದಲಾದದ್ದು ಅಳೆಯುವ ಕೋಲು. ಹಾಗಿರುವಾಗ ಜಿಲ್ಲೆಗಳಿಗೆ ಮೊದಲನೆಯ ಸ್ಥಾನ, ಕೊನೆಯ ಸ್ಥಾನ ಎಂದು ಹಂಚಿ, ಕೆಳಗೆ ಬಂದ ಜಿಲ್ಲೆಯ ಅಧಿಕಾರಿಗಳಿಗೆ ನೋಟಿಸು ಕೊಡುವ ವಾಡಿಕೆಯಿಂದ ಕಲಿಕೆಗೆ ಆಗುವ ಲಾಭ ಕಾಣದು. ಒತ್ತಡ ಹತ್ತನೇ ತರಗತಿಯ ಮೇಲೆ ಬೀಳುತ್ತದೆ. ಕಲಿಕೆ ಹಿಂದೆ ಬಿದ್ದದ್ದು ಮೂರನೆಯದರಲ್ಲಿ.

ಕನ್ನಡ ಓದಿನ ಸಂಶೋಧನೆ

ಕರ್ನಾಟಕದಲ್ಲಿ ನಡೆದ ಅಧ್ಯಯನಗಳ ಪೈಕಿ ಜಗತ್ತಿಗೇ ಹೊಸದನ್ನು ಕೊಟ್ಟವು ಕನ್ನಡ ಲಿಪಿಯ ಓದಿನ ಕುರಿತಾದವು. ಇಂಗ್ಲಿಷ್ ಓದಿನ ಸಿದ್ಧಾಂತಗಳು 26 ಅಕ್ಷರಗಳ ಸುತ್ತ ಕಟ್ಟಿದವು. ಕನ್ನಡದ ಮಗು ವರ್ಣಮಾಲೆ ಮುಗಿಸಿದ ಮೇಲೆ ಕಾಗುಣಿತ ಹಿಡಿಯಬೇಕು. ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿ ರೂಪಗಳು ನಾನೂರು ದಾಟುತ್ತವೆ, ಅದರಾಚೆ ಒತ್ತಕ್ಷರಗಳು. ವಾಕ್ ತಜ್ಞೆ ಪ್ರತಿಭಾ ಕಾರಂತ ಮತ್ತು ಸಹಸಂಶೋಧಕರು 1990ರ ದಶಕದಲ್ಲೇ ಕನ್ನಡ ಓದುವವರಲ್ಲಿ ಧ್ವನಿಪ್ರಜ್ಞೆ ಹೇಗೆ ಬೆಳೆಯುತ್ತದೆಂದು ಪರಿಶೀಲಿಸಿದ್ದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯ ತಿರುವು. ಕನ್ನಡದ ಮಕ್ಕಳಿಗೆ ಅಕ್ಷರಜ್ಞಾನ ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ, ಅದು ಮೂರು ನಾಲ್ಕನೇ ತರಗತಿಯವರೆಗೂ ಚಾಚುತ್ತದೆ. ಉಚ್ಚಾರಾಂಶದ ಅರಿವು ಬೇಗ ಬರುತ್ತದೆ, ಅದರೊಳಗಿನ ಬಿಡಿಧ್ವನಿಯ ಅರಿವು ನಿಧಾನವಾಗಿ ಬರುತ್ತದೆ ಎಂದು ಅವರು ತೋರಿಸಿದರು.

ಇದನ್ನು ಒಪ್ಪಿಕೊಂಡರೆ ಅನೇಕ ತೀರ್ಪುಗಳನ್ನು ಮತ್ತೆ ನೋಡಬೇಕಾಗುತ್ತದೆ. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ, ಲಿಪಿಯ ಸಹಜ ಗತಿ. ಆದರೆ ನಾಲ್ಕನೇ ತರಗತಿಗೆ ಬಂದಾಗ ಪಠ್ಯಪುಸ್ತಕ ಅಕ್ಷರ ಕಲಿಕೆ ಮುಗಿಯಿತೆಂದು ಭಾವಿಸಿ ಪರಿಸರ ಅಧ್ಯಯನದ ಉದ್ದುದ್ದ ವಾಕ್ಯಗಳನ್ನು ಮುಂದಿಡುತ್ತದೆ. ಆ ಹೊತ್ತಿಗೆ ಒತ್ತಕ್ಷರ ಹಿಡಿಯದ ಮಗು ಓದಿನ ಜೊತೆಗೆ ಉಳಿದೆಲ್ಲ ವಿಷಯಗಳಿಂದಲೂ ದೂರವಾಗುತ್ತದೆ.

ಯಾವ ಅಕ್ಷರ ಮೊದಲು ಎಂಬುದೂ ಸಂಶೋಧನೆಯ ಪ್ರಶ್ನೆಯೇ. ನಲಿ-ಕಲಿ ಅ, ಆ, ಇ, ಈ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಅಕ್ಷರಗಳು ಇವು: ಐದು ಕಲಿತ ಕೂಡಲೇ ಮಗು ಸರ, ಅರಸ, ಅಗಸ, ದರ ಓದಬಹುದು. ಮೊದಲ ವಾರಗಳಲ್ಲೇ ಅರ್ಥವಿರುವ ಪದವೊಂದನ್ನು ತಾನಾಗಿ ಓದಿದ ಸಂತೋಷ ಮಗುವಿಗೆ ಸಿಗಲಿ ಎಂಬ ಈ ಯೋಚನೆ ಕರ್ನಾಟಕದ ಶಿಕ್ಷಕರ ಒಳ್ಳೆಯ ಕೊಡುಗೆಗಳಲ್ಲಿ ಒಂದು.

ಆದರೂ ಅಕ್ಷರ ಹಿಡಿದ ಮಾತ್ರಕ್ಕೆ ಓದು ಬರುವುದಿಲ್ಲ. ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯಲ್ಲೂ ಮಹಾರಾಷ್ಟ್ರದ ವಾಡಾದಲ್ಲೂ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ವರದಿಯಾಯಿತು. ಮೂರನೇ ತರಗತಿಯ ಕೊನೆಗೂ ಬಹಳಷ್ಟು ಮಕ್ಕಳಿಗೆ ಸರಳ ಗದ್ಯವನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟವಾಗಿತ್ತು. ತರಗತಿಯ ಹೊತ್ತು ಲಿಪಿಗೆ ಹೋಗುತ್ತಿತ್ತು, ಮಾತಿಗೆ, ಕಥೆಗೆ, ಮಗುವಿನ ಸ್ವಂತ ಅನುಭವಕ್ಕೆ ಉಳಿಯುತ್ತಿದ್ದುದು ಕಡಿಮೆ. ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಿಗೆ ಈ ಫಲಿತಾಂಶ ಇನ್ನೂ ತೀವ್ರವಾಗಿ ಅನ್ವಯಿಸುತ್ತದೆ. ಲಂಬಾಣಿ ಮಾತನಾಡುವ ಮಗು ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಯುತ್ತಿರುತ್ತದೆ. ಅದು ಪದವನ್ನು ಸರಿಯಾಗಿ ಉಚ್ಚರಿಸಿದರೆ ಅಸರ್ ಹಾಳೆಯಲ್ಲಿ ಓದಬಲ್ಲ ಮಗುವೆಂದು ದಾಖಲಾಗುತ್ತದೆ. ಓದಿದ್ದು ಅದಕ್ಕೆ ತಿಳಿಯಿತೇ ಎಂಬುದನ್ನು ಆ ಹಂತದಲ್ಲಿ ಯಾರೂ ಕೇಳುವುದಿಲ್ಲ. ಓದಿನ ಪರೀಕ್ಷೆಗೆ ಮುನ್ನ ಮಗುವನ್ನು ಮನೆಮಾತಿನಲ್ಲಿ ಕಥೆ ಹೇಳಲು ಬಿಟ್ಟು, ಆಮೇಲೆ ಕನ್ನಡದಲ್ಲಿ ಕೇಳುವ ಅಳತೆ ಈ ಸೀಮೆಗೆ ಅಗತ್ಯ. ಅಂಥ ಕೆಲಸಕ್ಕೆ ತಾಂಡಾದಲ್ಲೇ ಓದಿ ಬೆಳೆದ ಯುವಕ ಯುವತಿಯರಿಗಿಂತ ಯೋಗ್ಯರು ಸಿಗಲಾರರು.

ಕೊರೋನಾ ಕಳೆದದ್ದು

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮದಲ್ಲಿ ಶಿಕ್ಷಕರು ದೇವಸ್ಥಾನದ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮರಳಿತು. ಅದೇ ತಿಂಗಳು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿತು. ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ ಶೇ 82 ಮಕ್ಕಳು ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನೂ ಮರೆತಿದ್ದರು. ಹೊಸದು ಕಲಿಯದಿರುವುದು ಒಂದು ನಷ್ಟ, ಇದ್ದದ್ದು ಜಾರಿಹೋಗುವುದು ಇನ್ನೊಂದು. ಈ ಅಧ್ಯಯನ ಎರಡನೆಯದನ್ನು ಸ್ಪಷ್ಟವಾಗಿ ಹಿಡಿಯಿತು. ಹಿಂದಿನ ವರ್ಷ ಯಾವ ಮಗುವಿಗೆ ಏನು ಬರುತ್ತಿತ್ತು ಎಂಬುದಕ್ಕೆ ಆಧಾರವಾಗಿದ್ದು ಆ ಮಕ್ಕಳ ಶಿಕ್ಷಕರ ನೆನಪು ಮತ್ತು ದಾಖಲೆ ಎಂಬುದು ಗಮನಿಸಬೇಕಾದ ವಿಷಯ.

2021ರ ಮಾರ್ಚ್‌ನಲ್ಲಿ ಅಸರ್ ಕರ್ನಾಟಕದ 24 ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿತು. ಮೂರನೇ ತರಗತಿಯಲ್ಲಿದ್ದು ಎರಡನೆಯದರ ಪಠ್ಯ ಓದಬಲ್ಲವರ ಪ್ರಮಾಣ 2018ರಲ್ಲಿ ಶೇ 19.2 ಇದ್ದದ್ದು ಶೇ 9.8ಕ್ಕೆ ಕುಸಿದಿತ್ತು, ಕಳೆಯುವ ಲೆಕ್ಕ ಮಾಡಬಲ್ಲವರು ಶೇ 26.3ರಿಂದ 17.3ಕ್ಕೆ ಇಳಿದಿದ್ದರು. ಕುಸಿತದ ಸುದ್ದಿಯಲ್ಲಿ ಮರೆಯಾದದ್ದು 2018ರ ಅಂಕಿ: ಕೊರೋನಾ ಬರುವ ಮೊದಲೇ ಐವರಲ್ಲಿ ನಾಲ್ವರು ಹಿಂದುಳಿದಿದ್ದರು. 2022-23ರ ಕಲಿಕಾ ಚೇತರಿಕೆ ಕಾರ್ಯಕ್ರಮ ಪಠ್ಯ ಮುಗಿಸುವ ಓಟವನ್ನು ಬದಿಗಿಟ್ಟು ಕಲಿಕಾ ಹಾಳೆಗಳ ಮೂಲಕ ಹಿಂದಿನ ತರಗತಿಗಳ ಸಾಮರ್ಥ್ಯಗಳಿಗೆ ಮರಳಿತು. ಅಸರ್ ಪ್ರಕಾರ ಇದೇ ಅವಧಿಯಲ್ಲಿ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೆಯದರ ಪಠ್ಯ ಓದಬಲ್ಲವರ ಪ್ರಮಾಣ 2022ರ ಶೇ 16.3ರಿಂದ 2024ಕ್ಕೆ ಶೇ 23.4ಕ್ಕೆ ಏರಿ, 2018ರ ಮಟ್ಟವನ್ನೂ ದಾಟಿತು.

ಕಾರಣಗಳ ಹುಡುಕಾಟ

ಕಲಿಕೆಯನ್ನು ಯಾವುದು ಹೆಚ್ಚಿಸುತ್ತದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿರುವ ಕ್ಷೇತ್ರಗಳಲ್ಲಿ ಬಿಸಿಯೂಟ ಒಂದು. ಸರ್ವೋಚ್ಚ ನ್ಯಾಯಾಲಯದ 2001ರ ಆದೇಶದ ನಂತರ ರಾಜ್ಯಗಳು ಬೇರೆ ಬೇರೆ ವರ್ಷ ಬೇಯಿಸಿದ ಊಟ ಆರಂಭಿಸಿದವು. ಕರ್ನಾಟಕದ ಅಕ್ಷರ ದಾಸೋಹ ಮೊದಲು ಈಶಾನ್ಯ ಜಿಲ್ಲೆಗಳಲ್ಲಿ, ಬಳಿಕ ಉಳಿದೆಡೆ. ಈ ವ್ಯತ್ಯಾಸವನ್ನು ಅಸರ್ ಅಂಕಿಗಳ ಜೊತೆಗಿಟ್ಟು ನೋಡಿದ ಚಕ್ರವರ್ತಿ ಮತ್ತು ಜಯರಾಮನ್ ಅವರ 2019ರ ಅಧ್ಯಯನದಲ್ಲಿ, ಐದು ವರ್ಷದವರೆಗೆ ಬಿಸಿಯೂಟ ಪಡೆದ ಮಕ್ಕಳ ಓದಿನ ಅಂಕ ಒಂದು ವರ್ಷಕ್ಕೂ ಕಡಿಮೆ ಪಡೆದವರಿಗಿಂತ ಶೇ 18ರಷ್ಟು ಹೆಚ್ಚಿತ್ತು. ಜಗಳೂರಿನಂಥ ಬರದ ನಾಡಿನಲ್ಲಿ ಅಡುಗೆ ಸಿಬ್ಬಂದಿಯ ಕೆಲಸವೂ ಕಲಿಕೆಯ ಭಾಗ ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಡ.

ಶಿಕ್ಷಕರು ಬರುವುದೇ ಇಲ್ಲ ಎಂಬ ಜನಪ್ರಿಯ ದೂರನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ಪರೀಕ್ಷಿಸಿತು. ಗೈರುಹಾಜರಿ ಶೇ 18.5 ಇದ್ದರೂ ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ 2.5 ಮಾತ್ರ, ಉಳಿದವರು ರಜೆಯಲ್ಲಿದ್ದರು, ಇಲ್ಲವೇ ತರಬೇತಿ, ಸಭೆ, ಇಲಾಖೆಯ ಕೆಲಸಗಳಿಗೆ ಹೋಗಿದ್ದರು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತಾಲ್ಲೂಕು ಕೇಂದ್ರದ ಸಭೆಗೆ ಹೋದರೆ ಆ ದಿನ ಐದೂ ತರಗತಿ ಇನ್ನೊಬ್ಬರ ಹೆಗಲಿಗೆ. 2001ರಲ್ಲಿ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಬಗ್ಗೆ ಪೋಷಕರಿಗೆ ಮಾಹಿತಿ ಕೊಟ್ಟರೆ ಏನಾಗುತ್ತದೆಂದು ಪ್ರಿಯಾಂಕಾ ಪಾಂಡೆ, ಸಂಗೀತಾ ಗೋಯಲ್, ವೆಂಕಟೇಶ್ ಸುಂದರರಾಮನ್ ಕರ್ನಾಟಕವೂ ಸೇರಿದ ಮೂರು ರಾಜ್ಯಗಳಲ್ಲಿ ಪ್ರಯೋಗ ಮಾಡಿ 2009ರಲ್ಲಿ ವರದಿ ಮಾಡಿದರು. ಕಲಿಕೆಯಲ್ಲಿ ಕಂಡ ಸುಧಾರಣೆ ಸಾಧಾರಣ.

ಕೌಶಲ

ಅಸರ್ 2023ರಲ್ಲಿ 14ರಿಂದ 18 ವಯಸ್ಸಿನವರನ್ನು ನೋಡಿದಾಗ ಸುಮಾರು ಕಾಲು ಭಾಗ ತಮ್ಮ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗ ಓದಲಾರದವರಾಗಿದ್ದರು. ಭಾಗಾಕಾರ ಬಂದದ್ದು ಶೇ 43.3 ಮಂದಿಗೆ. ವೃತ್ತಿ ಕೌಶಲದ ಯೋಜನೆಗಳು ಈ ಅಡಿಪಾಯದ ಮೇಲೆ ನಿಲ್ಲಬೇಕು. ಮೃದು ಕೌಶಲಗಳ ಬಗ್ಗೆ ಬೆಂಗಳೂರಿನಲ್ಲಿ ಎರಡು ಮುಖ್ಯ ಕೆಲಸಗಳಾಗಿವೆ: ಡ್ರೀಮ್ ಎ ಡ್ರೀಮ್ ಸಂಸ್ಥೆಯ ಜೊತೆ ರೂಪುಗೊಂಡು 2014ರಲ್ಲಿ ಪ್ರಕಟವಾದ ಜೀವನ ಕೌಶಲ ಮಾಪನ, ಮತ್ತು ಗಾರ್ಮೆಂಟ್ಸ್ ಕಾರ್ಖಾನೆಯ ಮಹಿಳೆಯರಿಗೆ ಸಂವಹನ, ಸಮಯ ನಿರ್ವಹಣೆ ಕಲಿಸಿದಾಗ ಉತ್ಪಾದಕತೆ ಏರಿತೆಂದು ಅಧ್ವರ್ಯು, ಕಲಾ, ನ್ಯಶಾಧಂ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ ಪ್ರಯೋಗ.

ಊರಿಗೆ ಮರಳುವ ಅಂಕಿ

ಸರ್ಕಾರಿ ಶಾಲೆಗಳಲ್ಲಿ ಅಂಕಿಗಳಿಗೆ ಕೊರತೆಯಿಲ್ಲ. ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳು ವಿದ್ಯಾರ್ಥಿ ಸಾಧನೆ ಜಾಡು ಹಿಡಿಯುವ ತಂತ್ರಾಂಶಕ್ಕೆ ಹೋಗುತ್ತವೆ, ಅಲ್ಲಿಂದ ಮೇಲೆ ಹೋಗುತ್ತವೆ. ಕೆಳಗೆ ಬರುವುದು ಕಡಿಮೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಶಾಲೆಗೆ ಬಂದಾಗ ನಾಲ್ಕನೇ ತರಗತಿಯಲ್ಲಿ ಒತ್ತಕ್ಷರ ಬರದವರು ಯಾರು, ಅವರಿಗೆ ಈ ತಿಂಗಳು ಏನು ಮಾಡೋಣ ಎಂಬ ಮಾತುಕತೆಗೆ ಈ ಅಂಕಿಗಳು ಒದಗಬೇಕು.

ಈ ದಿಕ್ಕಿನಲ್ಲಿ ನಡೆದ ಒಳ್ಳೆಯ ಪ್ರಯತ್ನ ಅಕ್ಷರ ಫೌಂಡೇಶನ್ನಿನದು. 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸಂಸ್ಥೆ 2011ರಲ್ಲಿ ಹೊಸಕೋಟೆಯಲ್ಲಿ ಆರಂಭಿಸಿದ ಗಣಿತ ಕಲಿಕಾ ಆಂದೋಲನದ ಕಿಟ್‌ಗಳು ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹರಡಿದವು. ಮಗು ಮೊದಲು ವಸ್ತುವನ್ನು ಕೈಯಲ್ಲಿ ಹಿಡಿದು ಎಣಿಸುತ್ತದೆ, ಆಮೇಲೆ ಚಿತ್ರ, ಕೊನೆಗೆ ಅಂಕಿ. ಇದರ ಜೊತೆಗೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ನಡೆಯುತ್ತದೆ. ಪಂಚಾಯಿತಿ ವ್ಯಾಪ್ತಿಯ ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಒಂದೆಡೆ ಸೇರಿ ಉತ್ತರ ಬರೆಯುತ್ತಾರೆ. ಬಹುಮಾನದ ಹಣ, ಊಟ, ಪೆಂಡಾಲು ಊರಿನವರದೇ. ಯಾವ ಲೆಕ್ಕ ಹೆಚ್ಚಿನ ಮಕ್ಕಳಿಗೆ ಬರಲಿಲ್ಲವೆಂಬುದು ಅಂದೇ ಪಂಚಾಯಿತಿ ಸದಸ್ಯರಿಗೆ, ತಂದೆತಾಯಂದಿರಿಗೆ, ಶಿಕ್ಷಕರಿಗೆ ತಿಳಿಯುತ್ತದೆ. ವೈಜ್ಞಾನಿಕ ಮಾದರಿಯ ದೃಷ್ಟಿಯಿಂದ ಈ ಸ್ಪರ್ಧೆಗೆ ಕೊರತೆಗಳಿವೆ: ಬಾರದ ಮಕ್ಕಳು ಎಣಿಕೆಗೆ ಸಿಗುವುದಿಲ್ಲ, ಬರಹದ ಪರೀಕ್ಷೆ ಓದಲಾರದ ಮಗುವಿನ ಲೆಕ್ಕದ ತಿಳಿವನ್ನು ಮರೆಮಾಚುತ್ತದೆ. ಆದರೂ ಬೆಳಗುತ್ತಿಯಂಥ ಊರಿನಲ್ಲಿ ಭಾಗಾಕಾರ ಎಷ್ಟು ಮಕ್ಕಳಿಗೆ ಬರುತ್ತದೆಂಬ ಪ್ರಶ್ನೆಗೆ ರಾಷ್ಟ್ರೀಯ, ರಾಜ್ಯ ಸಮೀಕ್ಷೆಗಳು ಕೊಡಲಾರದ ಉತ್ತರವನ್ನು ಕೊಡುವ ಅಳತೆ ಇದು, ಮತ್ತು ಆ ಉತ್ತರ ಸಿಗುವುದು ಅದನ್ನು ಬದಲಾಯಿಸಬಲ್ಲವರ ಕೈಗೆ.